ಹೊಲದ ಔಷಧಿ, ಆಸ್ಪತ್ರೆಯ ಔಷಧಿ ಮತ್ತು ನಮ್ಮ ನರಮಂಡಲ

ನಮ್ಮ ಹಳ್ಳಿಗಳಲ್ಲಿ ಕೀಟನಾಶಕಕ್ಕೂ ಔಷಧಿಯೆಂದೇ ಹೆಸರು. ದ್ರಾಕ್ಷಿಗೆ ಔಷಧಿ ಹೊಡೆದೆವು, ಟೊಮ್ಯಾಟೊಗೆ ಔಷಧಿ ಹೊಡೆಯಬೇಕು ಎನ್ನುತ್ತೇವೆ. ದೊಡ್ಡಬಳ್ಳಾಪುರದ ಕಡೆ ಒಂದು ಕ್ಷೇತ್ರೋತ್ಸವದಲ್ಲಿ ರೈತರೊಬ್ಬರು ನನ್ನನ್ನು ಹೀಗೆ ಕೇಳಿದರು: "ಔಷಧಿ ಹೊಡೆಯುವಾಗ ನನ್ನ ತಮ್ಮನಿಗೆ ವಿಷ ಏರಿತು. ಆಸ್ಪತ್ರೆಗೆ ಹೋಗುವಾಗ ಬಾಯಲ್ಲಿ ಜೊಲ್ಲು ಸುರಿಯುತ್ತಿದ್ದರೂ ನಮ್ಮ ಗುರುತು ಹಿಡಿಯುತ್ತಿದ್ದ. ಸೂಜಿ ಚುಚ್ಚಿದ ಮೇಲೆ ಬಾಯಿ ಒಣಗಿ, ಹುಚ್ಚನ ಹಾಗೆ ಮಾತಾಡತೊಡಗಿದ. ಸೂಜಿಯೇ ಕೆಡಿಸಿತಲ್ಲವೇ?" ನಾನು ವೈದ್ಯನಲ್ಲ, ಬೇಸಾಯಶಾಸ್ತ್ರದವನು. ಆದರೆ ಈ ಅನುಮಾನದಿಂದಲೇ ರೋಗಿಯನ್ನು ಅರ್ಧ ಚಿಕಿತ್ಸೆಯಲ್ಲಿ ಮನೆಗೆ ಕರೆತಂದರೆ ಪ್ರಾಣಕ್ಕೆ ಅಪಾಯ.

ಕಾಲುವೆಯ ತೂಬನ್ನು ನೆನೆಯಿರಿ. ನರವು ಸ್ನಾಯುವಿಗೋ ಗ್ರಂಥಿಗೋ ಸಂದೇಶ ಕಳಿಸುವಾಗ ಅದರ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಡುತ್ತದೆ. ಇದು ತೂಬು ಎತ್ತುವ ಕೈ. ಕೆಲಸ ಮುಗಿದೊಡನೆ ಕೋಲಿನ್‌ಎಸ್ಟರೇಸ್ ಎಂಬ ಕಿಣ್ವ ಅದನ್ನು ಒಡೆದು ತೂಬು ಮುಚ್ಚುತ್ತದೆ. ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್, ಪ್ರೊಫೆನೊಫಾಸ್ ಮುಂತಾದ ಸಾವಯವ ರಂಜಕ ಗುಂಪಿನ ಕೀಟನಾಶಕಗಳು (ಇಲ್ಲಿ 'ಸಾವಯವ'ಕ್ಕೂ ಸಾವಯವ ಕೃಷಿಗೂ ಸಂಬಂಧವಿಲ್ಲ) ಮುಚ್ಚುವ ಕೈಯನ್ನೇ ಕಟ್ಟಿಹಾಕುತ್ತವೆ. ಹುಳುವಿನಲ್ಲಿರುವ ಕಿಣ್ವವೂ ನಮ್ಮಲ್ಲಿರುವುದೂ ಒಂದೇ ಬಗೆಯದು. ತೂಬು ತೆರೆದೇ ಉಳಿದಾಗ ಬೆವರು, ಜೊಲ್ಲು, ಭೇದಿ ಕಾಣಿಸಿಕೊಳ್ಳುತ್ತವೆ, ಕಣ್ಣಿನ ಪಾಪೆ ಸಾಸಿವೆಯಷ್ಟು ಕಿರಿದಾಗುತ್ತದೆ, ಮಾಂಸಖಂಡ ಅದುರುತ್ತದೆ, ಎದೆಯಲ್ಲಿ ನೀರು ತುಂಬುತ್ತದೆ. ಮೆದುಳಿನಲ್ಲಿಯೂ ಇದೇ ಕಥೆ: ತಲೆನೋವು, ಗಾಬರಿ, ಸೆಳವು, ಕೊನೆಗೆ ಉಸಿರಾಟ ನಡೆಸುವ ಕೇಂದ್ರವೇ ಸೋಲುತ್ತದೆ.

ಇದಕ್ಕೆ ವೈದ್ಯರು ಕೊಡುವ ಮುಖ್ಯ ಪ್ರತಿವಿಷ ಅಟ್ರೋಪಿನ್. ನಮ್ಮ ಬದುಗಳ ಮೇಲೆ, ತಿಪ್ಪೆಯ ಪಕ್ಕ ಬೆಳೆಯುವ ಉಮ್ಮತ್ತಿ ಗಿಡದಲ್ಲಿ ಇರುವುದೂ ಇದೇ ಜಾತಿಯ ಸತ್ವ. ಅದು ಗ್ರಂಥಿ, ಶ್ವಾಸನಾಳಗಳ ತೂಬಿಗೆ ಬಿರಡೆ ಹಾಕಿ ಎದೆಯ ನೀರನ್ನು ಒಣಗಿಸುತ್ತದೆ. ನಮ್ಮಲ್ಲಿ ಸಿಗುವ ಒಂದು ಆಂಪೂಲಿನಲ್ಲಿ ಸಾಮಾನ್ಯವಾಗಿ 0.6 ಮಿಲಿಗ್ರಾಂ ಇರುತ್ತದೆ. ವಿಷಬಾಧೆಯಲ್ಲಿ ಮೊದಲಿಗೇ ಮೂರರಿಂದ ಐದು ಆಂಪೂಲು ಕೊಟ್ಟು, ಎದೆ ತಿಳಿಯಾಗುವವರೆಗೆ ಐದೈದು ನಿಮಿಷಕ್ಕೆ ಇಮ್ಮಡಿ ಮಾಡುತ್ತ ಹೋಗುವುದೂ ಉಂಟು. ಅಟ್ರೋಪಿನ್ ಮೆದುಳನ್ನೂ ಪ್ರವೇಶಿಸುವುದರಿಂದ ಪ್ರಮಾಣ ಹೆಚ್ಚಾದಾಗ ಉಮ್ಮತ್ತಿ ತಿಂದವರಂತೆ ಮೈ ಕಾದು, ಪಾಪೆ ಅಗಲವಾಗಿ, ರೋಗಿ ಬಡಬಡಿಸುತ್ತಾನೆ, ಹೊದಿಕೆ ಕೀಳುತ್ತಾನೆ. ಆ ರೈತರ ತಮ್ಮನಿಗೆ ಆದದ್ದು ಇದೇ. ಇದನ್ನು ಕಂಡರೆ ದಾದಿಗೆ ತಿಳಿಸಬೇಕು. ವೈದ್ಯರು ಪ್ರಮಾಣ ತಗ್ಗಿಸುತ್ತಾರೆ, ಹುಚ್ಚು ಇಳಿಯುತ್ತದೆ. ಉಮ್ಮತ್ತಿ ರಸವನ್ನೇ ಕುಡಿಸೋಣವೆಂದು ಮಾತ್ರ ಯಾರೂ ಹೊರಡಬೇಡಿ. ಒಂದು ಗಿಡದ ಸತ್ವ ಇನ್ನೊಂದರಲ್ಲಿಲ್ಲ, ಎರಡನೆಯ ವಿಷವಾದೀತು.

ಅಟ್ರೋಪಿನ್‌ಗೆ ಒಂದು ಮಿತಿಯಿದೆ. ಕೈಕಾಲು, ಕುತ್ತಿಗೆ, ಪಕ್ಕೆಗಳ ಸ್ನಾಯುಗಳ ತೂಬಿಗೆ ಅದು ತಾಗುವುದಿಲ್ಲ. ಕಟ್ಟಿಬಿದ್ದ ಕಿಣ್ವವನ್ನು ಬಿಡಿಸಲು 'ಪ್ಯಾಮ್' ಎಂಬ ಇನ್ನೊಂದು ಔಷಧಿಯಿದೆ. ಕಟ್ಟು ಹಳೆಯದಾದಷ್ಟೂ ಅದು ಬಿಡಿಸಲಾರದು, ಮೆದುಳಿಗೆ ಹೋಗುವುದೂ ಕಡಿಮೆ. ಅದನ್ನು ಕೊಡಬೇಕೋ ಬೇಡವೋ ವೈದ್ಯರೇ ನಿರ್ಧರಿಸಬೇಕು. ಹೀಗಾಗಿ ಜೊಲ್ಲು ನಿಂತು, ರೋಗಿ ಎದ್ದು ಕುಳಿತು ಕಾಫಿ ಕುಡಿದ ಮೇಲೂ, ವಿಷ ಸೇರಿದ ಒಂದರಿಂದ ನಾಲ್ಕು ದಿನಗಳೊಳಗೆ ಕುತ್ತಿಗೆ ಜೋತುಬಿದ್ದು ಉಸಿರಾಟ ಸೋಲಬಹುದು. ಶ್ರೀಲಂಕಾದ ವೈದ್ಯರು 1987ರಲ್ಲಿ ಇದನ್ನು ಬೇರೆಯೇ ಘಟ್ಟವೆಂದು ವಿವರಿಸಿದರು. ಆಗ ಉಳಿಸುವುದು ಕೃತಕ ಉಸಿರಾಟದ ಯಂತ್ರ ಮಾತ್ರ. ಖರ್ಚಿನ ಭಯ, ಹಾಲು ಕರೆಯುವ ಹೊತ್ತು, ಊರಿನ ಹಬ್ಬ, ಇವು ಎರಡನೆಯ ದಿನವೇ ಮನೆಗೆ ಎಳೆಯುತ್ತವೆ, ನಾನು ಅಲ್ಲಗಳೆಯುವುದಿಲ್ಲ. ಆದರೂ ವೈದ್ಯರು ಕಳಿಸುವ ಮುಂಚೆ ಹೊರಡಬೇಡಿ. ಮಲಗಿದ ರೋಗಿಗೆ ದಿಂಬಿನಿಂದ ತಲೆ ಎತ್ತಲು ಹೇಳಿ ನೋಡಿ. ಎತ್ತಲಾಗದಿದ್ದರೆ ಕೂಡಲೇ ಕೂಗಿ ಕರೆಯಿರಿ.

ಆಸ್ಪತ್ರೆಗೆ ಡಬ್ಬಿಯನ್ನೋ ಚೀಟಿಯನ್ನೋ ತಪ್ಪದೆ ಒಯ್ಯಿರಿ. ಎಲ್ಲ ಕೀಟನಾಶಕವೂ ಇದೇ ತೂಬಿಗೆ ಬೀಳುವುದಿಲ್ಲ. ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ, 2011ರಲ್ಲಿ ಸುಪ್ರೀಂ ಕೋರ್ಟು ತಡೆದ ಎಂಡೋಸಲ್ಫಾನ್ ನರದ ಬೇರೆ ಜಾಗಕ್ಕೆ ಹೊಡೆದು ಸೆಳವು ತರುತ್ತದೆ. ಅದಕ್ಕೆ ಅಟ್ರೋಪಿನ್ ಪ್ರತಿವಿಷವಲ್ಲ. ಫೋರೇಟ್, ಡೈಕ್ಲೋರ್‌ವಾಸ್‌ಗಳು 2020ರ ಡಿಸೆಂಬರ್ 31ರಿಂದ ನಿಷೇಧವಾಗಿವೆ, ಆದರೆ ಅಟ್ಟದ ಮೇಲಿನ ಹಳೆಯ ಡಬ್ಬಿಗೆ ಆ ಸುದ್ದಿ ತಿಳಿದಿರುವುದಿಲ್ಲ. ಬ್ರಾಂದಿ ಬಾಟಲಿಗೆ ಸುರಿದಿಟ್ಟ ಔಷಧಿಯ ಹೆಸರನ್ನು ಯಾವ ವೈದ್ಯರೂ ಹೇಳಲಾರರು.

108ಕ್ಕೆ ಕರೆಮಾಡಿ ವಾಹನ ಬರುವಷ್ಟರಲ್ಲಿ, ಕೈಚೀಲ ತೊಟ್ಟು ರೋಗಿಯ ಬಟ್ಟೆ ಕಳಚಿ, ಕೂದಲು, ಉಗುರುಸಂದು ಸಹಿತ ಮೈಯನ್ನು ಸಾಬೂನಿನಿಂದ ತೊಳೆಯಿರಿ. ವಿಷ ಚರ್ಮದಿಂದಲೂ ಏರುತ್ತಲೇ ಇರುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಔಷಧಿ ಕರಗಿಸಿದ ಎಣ್ಣೆಯಂಥ ದ್ರಾವಣ ಶ್ವಾಸಕೋಶಕ್ಕೆ ಇಳಿಯುತ್ತದೆ. ವಾಹನದಲ್ಲಿ ಎಡಮಗ್ಗುಲಿಗೆ ಮಲಗಿಸಿ, ಬಾಯಿ ಕೆಳಮುಖವಾಗಿರಲಿ.