ವರ್ತನೆಯ ವ್ಯಾಪಾರವೂ ವರ್ಡ್‌ಪ್ರೆಸ್ಸೂ

ಹಾಲು ಮಾರುವವರಲ್ಲಿ ಎರಡು ಬಗೆ. ಸಂತೆಯಲ್ಲಿ ಕುಳಿತು ಗಿರಾಕಿಗಾಗಿ ಕಾಯುವವರು ಕೆಲವರು. ಮನೆಮನೆಗೆ ವರ್ತನೆಯ ಹಾಲು ಹಾಕಿ ತಿಂಗಳ ಕೊನೆಗೆ ಲೆಕ್ಕ ಪಡೆಯುವವರು ಕೆಲವರು. ಇಂದಿನ ತಂತ್ರಾಂಶ ವ್ಯಾಪಾರವು ಬಹುಮಟ್ಟಿಗೆ ಎರಡನೆಯ ದಾರಿಯನ್ನು ಹಿಡಿದಿದೆ. ತಂತ್ರಾಂಶವನ್ನು ಒಮ್ಮೆ ಮಾರಿ ಕೈತೊಳೆದುಕೊಳ್ಳದೆ, ಅದನ್ನು ತಾನೇ ನಡೆಸುತ್ತ, ಬಳಸುವವರಿಂದ ತಿಂಗಳಿಗೋ ವರ್ಷಕ್ಕೋ ಚಂದಾ ಪಡೆಯುವುದು ಇದರ ಸ್ವರೂಪ. ಇದಕ್ಕೆ ಅಪಾರ ಬಂಡವಾಳ ಬೇಕೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಅದು ಎಷ್ಟರಮಟ್ಟಿಗೆ ನಿಜವೆಂದು ವಿಚಾರಿಸುವುದೇ ಈ ಲೇಖನದ ಉದ್ದೇಶ.

ವರ್ಡ್‌ಪ್ರೆಸ್ ಎಂಬುದು ಜಾಲತಾಣದ ಬರಹ, ಚಿತ್ರಗಳನ್ನು ಅಣಿಗೊಳಿಸಿ ಪ್ರಕಟಿಸುವ ತಂತ್ರಾಂಶ. ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್ ಎಂಬುವರು ಬಿ೨ ಎಂಬ ಹಳೆಯ ತಂತ್ರಾಂಶವನ್ನು ಆಧಾರವಾಗಿಟ್ಟುಕೊಂಡು ೨೦೦೩ರ ಮೇ ತಿಂಗಳಲ್ಲಿ ಇದನ್ನು ಹೊರತಂದರು. ಇದರ ಲೈಸೆನ್ಸು ಜಿ.ಪಿ.ಎಲ್.; ಅರ್ಥಾತ್ ಯಾರು ಬೇಕಾದರೂ ಇದನ್ನು ಬಳಸಬಹುದು, ತಿದ್ದಬಹುದು, ಹಂಚಬಹುದು. ಇಂದು ಲೋಕದ ಜಾಲತಾಣಗಳಲ್ಲಿ ಐದರಲ್ಲಿ ಎರಡು ಪಾಲು ಇದರ ಮೇಲೆ ನಿಂತಿವೆಯೆಂದು ಅಂದಾಜು.

ಚಂದಾ ವ್ಯಾಪಾರಕ್ಕೆ ಬೇಕಾದ ಅಡಿಗಲ್ಲುಗಳು ಇದರಲ್ಲಿ ಸಿದ್ಧವಾಗಿವೆ. ಬಳಸುವವರ ಖಾತೆ, ಗುಪ್ತಪದ, ಯಾರಿಗೆ ಎಷ್ಟು ಅಧಿಕಾರವೆಂಬ ವಿಂಗಡಣೆ, ದತ್ತಾಂಶದ ಉಗ್ರಾಣ, ಇವನ್ನೆಲ್ಲ ಹೊಸದಾಗಿ ಕಟ್ಟಬೇಕಾಗಿಲ್ಲ. ೨೦೧೦ರಲ್ಲಿ ಬಂದ ೩.೦ ಆವೃತ್ತಿಯಲ್ಲಿ ‘ಮಲ್ಟಿಸೈಟ್’ ಎಂಬ ಏರ್ಪಾಡೂ ಸೇರಿತು. ಇದನ್ನು ನಮ್ಮ ವಠಾರಕ್ಕೆ ಹೋಲಿಸಬಹುದು. ಹೆಬ್ಬಾಗಿಲು ಒಂದು, ಬಾವಿ ಒಂದು. ಮನೆಗಳು ಬೇರೆ, ಬೀಗಗಳು ಬೇರೆ. ಮನೆಪಾಠದ ಮೇಷ್ಟರುಗಳಿಗಾಗಿ ಹಾಜರಿ, ಶುಲ್ಕಗಳ ಲೆಕ್ಕವಿಡುವ ಒಂದು ಪ್ಲಗಿನ್ ಬರೆದರೆ, ಒಂದೇ ವರ್ಡ್‌ಪ್ರೆಸ್ಸಿನಲ್ಲಿ ನೂರು ಮಂದಿಗೆ ನೂರು ತಾಣ ಕೊಡಬಹುದು. ಇದು ಬರಿಯ ಊಹೆಯಲ್ಲ. ೨೦೦೫ರಲ್ಲಿ ಆಸ್ಟ್ರೇಲಿಯದಲ್ಲಿ ಆರಂಭವಾದ ಎಡ್ಯುಬ್ಲಾಗ್ಸ್, ಮಲ್ಟಿಸೈಟಿನ ಪೂರ್ವರೂಪದ ಮೇಲೆ ನಿಂತು ಶಾಲೆಗಳ ಚಂದಾದಿಂದ ಬೆಳೆಯಿತು.

ತಂತ್ರಾಂಶ ಪುಕ್ಕಟೆಯಾದ ಮೇಲೆ ಚಂದಾ ಏತಕ್ಕೆ ಎಂದು ವಾಚಕರು ಕೇಳಬಹುದು. ದಿನವೂ ಪ್ರತಿ ತೆಗೆದಿಡುವುದು, ಹೊಸ ಆವೃತ್ತಿ ಬಂದಾಗ ಏನೂ ಕೆಡದಂತೆ ಅಳವಡಿಸುವುದು, ಕಳ್ಳರನ್ನು ತಡೆಯುವುದು, ಕರೆದಾಗ ಉತ್ತರಿಸುವುದು, ಈ ಪರಿಚಾರಿಕೆಗೆ ಚಂದಾ.

ಇನ್ನು ಲೆಕ್ಕ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳವೆಂಬುದು ನಿಜ. ಆದರೆ ಬಳ್ಳ ಸೋರಬಾರದು. ೧೦೦ ಚಂದಾದಾರರಲ್ಲಿ ತಿಂಗಳಿಗೆ ನೂರಕ್ಕೆ ೫ರಂತೆ ಬಿಟ್ಟುಹೋದರೆ ವರ್ಷದ ಕೊನೆಗೆ ಉಳಿಯುವವರು ಸುಮಾರು ೫೪ ಮಾತ್ರ. ಅಲ್ಲದೆ ೨೦೨೧ರ ಅಕ್ಟೋಬರಿನಿಂದ ಜಾರಿಯಾದ ರಿಸರ್ವ್ ಬ್ಯಾಂಕಿನ ನಿಯಮದಂತೆ, ಕಾರ್ಡಿನಿಂದ ತಾನಾಗಿ ಚಂದಾ ಕಡಿತವಾಗುವ ೨೪ ಗಂಟೆಗೆ ಮೊದಲೇ ಗಿರಾಕಿಗೆ ತಿಳಿಸತಕ್ಕದ್ದು. ಬೇಡವೆನಿಸಿದರೆ ಆತನು ನಿಲ್ಲಿಸಬಹುದು. ಹೀಗಾಗಿ ಪ್ರತಿ ತಿಂಗಳೂ ಆತನ ವಿಶ್ವಾಸವನ್ನು ಹೊಸದಾಗಿ ಗಳಿಸಬೇಕು.

ಇನ್ನೊಂದು ಅಪಾಯವೂ ಉಂಟು. ೨೦೨೪ರ ಸೆಪ್ಟೆಂಬರಿನಲ್ಲಿ ಮುಲೆನ್‌ವೆಗ್ ಅವರಿಗೂ ಡಬ್ಲ್ಯು.ಪಿ. ಎಂಜಿನ್ ಕಂಪೆನಿಗೂ ವಿವಾದ ಹುಟ್ಟಿ, ಪ್ಲಗಿನ್ನುಗಳ ಮುಖ್ಯ ಭಂಡಾರದ ಬಾಗಿಲು ಆ ಕಂಪೆನಿಗೆ ಮುಚ್ಚಿತು. ಡಿಸೆಂಬರಿನಲ್ಲಿ ಅಮೆರಿಕದ ನ್ಯಾಯಾಲಯದ ಮಧ್ಯಂತರ ಆಜ್ಞೆಯಾದ ಮೇಲೆ ತೆರೆಯಿತು. ಆದುದರಿಂದ ಬಳಸುವ ಪ್ಲಗಿನ್ನುಗಳ ಪ್ರತಿ, ಗಿರಾಕಿಗಳ ದತ್ತಾಂಶ ಎರಡನ್ನೂ ತನ್ನ ಕೈಯಲ್ಲಿಯೇ ಇಟ್ಟುಕೊಳ್ಳುವುದು ಕ್ಷೇಮ.

ನಮ್ಮ ಕಾಲೇಜಿನ ಅನೇಕರಂತೆ ನನ್ನ ಮನೆಯಲ್ಲಿಯೂ ಪದವಿ ತರಗತಿಗೆ ಬಂದವನು ನಾನೇ ಮೊದಲು. ಪದವಿಯೆಂದರೆ ಸರಕಾರಿ ನೌಕರಿಯೆಂದೇ ಮನೆಯವರು ತಿಳಿದಿದ್ದಾರೆ. ಹುದ್ದೆಗಳು ಕೆಲವು, ಅರ್ಜಿಗಳು ಸಾವಿರಾರು. ಮೇಲೆ ಹೇಳಿದ ವ್ಯಾಪಾರಕ್ಕೆ ಹಣ ಕೊಂಚವಾದರೂ ಸಾಕು, ತಾಳ್ಮೆ ಮಾತ್ರ ಬಹಳ ಬೇಕು. ಕಲಾ ವಿದ್ಯಾರ್ಥಿಗಳಿಗೆ ಪ್ರೋಗ್ರಾಮಿಂಗ್ ಬಾರದೆಂಬ ಆಕ್ಷೇಪಕ್ಕೆ ಉತ್ತರವಿದೆ. ಅದನ್ನು ಕಲಿಯಬಹುದು, ಬಲ್ಲವರ ಜೊತೆಗೂಡಬಹುದು. ಅದಕ್ಕೂ ಮೊದಲು ಯಾರಾದರೂ ಮೇಷ್ಟರ ಪಕ್ಕದಲ್ಲಿ ಒಂದು ವಾರ ಕುಳಿತು, ಅವರ ಲೆಕ್ಕದ ಪುಸ್ತಕ ಎಲ್ಲಿ ತೊಡಕಾಗುತ್ತದೆಂದು ನೋಡಬೇಕು. ಆ ಕೆಲಸವನ್ನು ನಾವು ಈ ಬೇಸಿಗೆಯಲ್ಲಿಯೇ ಆರಂಭಿಸಬಹುದು.