ಹಾವು ಸಾಕಿದ ಹುಡುಗನ ಪಾಠ

ನಾಗರಪಂಚಮಿಯ ದಿನ ಹುತ್ತಕ್ಕೆ ಹಾಲೆರೆಯುವವರೂ ನಾವೇ, ಮರುದಿನ ಹಿತ್ತಲಿನಲ್ಲಿ ಹಾವು ಕಂಡರೆ ದೊಣ್ಣೆ ಹುಡುಕುವವರೂ ನಾವೇ. ಈ ವೈಪರೀತ್ಯವನ್ನು ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿಯೇ ಎತ್ತಿ ತೋರಿಸಿದರು. ಭಕ್ತಿ ನಮ್ಮಲ್ಲಿ ಉಂಟು, ಭಯವೂ ಉಂಟು, ಕೊರತೆಯಿರುವುದು ತಿಳಿವಳಿಕೆಗೆ. ಆ ತಿಳಿವಳಿಕೆಯನ್ನು ಜನರಿಗೆ ಹಂಚುವುದಕ್ಕಾಗಿ ಬಾಳನ್ನೇ ಸವೆಸಿದ ಒಬ್ಬರ ವಿಷಯವನ್ನು ಸಹಪಾಠಿಗಳ ಮುಂದಿಡಬೇಕೆಂಬುದು ನನ್ನ ಆಸೆ. ಇದಕ್ಕೆ ನನ್ನದೇ ಆದ ಒಂದು ಕಾರಣವೂ ಉಂಟು.

ನಾನು ಏಳನೆಯ ತರಗತಿಯಲ್ಲಿದ್ದಾಗಿನ ಮಾತು. ಮಳೆಗಾಲದ ಒಂದು ರಾತ್ರಿ ನಮ್ಮ ಚಿಕ್ಕಪ್ಪ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದರು. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದರು. ರಾತ್ರಿಯ ಊಟ ಒಗ್ಗಲಿಲ್ಲವೆಂದು ಬಗೆದು ಅಜ್ಜಿ ಓಮದ ಕಷಾಯ ಕಾಸಿಕೊಟ್ಟರು. ಸ್ವಲ್ಪ ಹೊತ್ತಿಗೆ ಕಣ್ಣಿನ ರೆಪ್ಪೆಗಳು ಜೋತುಬಿದ್ದವು, ಮಾತು ತೊದಲಿತು. ಚಾಪೆ ಕೊಡವಿದಾಗ ಹಾವು ಹೊರಬಿತ್ತು. ಕೂಡಲೇ ಮಂತ್ರ ಹಾಕುವವರ ಬಳಿಗೆ ಹೊತ್ತುಕೊಂಡು ಹೋದರು. ಅಲ್ಲಿಂದ ಆಸ್ಪತ್ರೆಗೆ ಹೊರಟಾಗ ದಾರಿಯಲ್ಲಿಯೇ ಉಸಿರು ನಿಂತಿತು. ಯಾರ ಮೇಲೂ ನಾನು ತಪ್ಪು ಹೊರಿಸಲಾರೆ. ಎಲ್ಲರೂ ತಮಗೆ ತಿಳಿದುದನ್ನೇ ಮಾಡಿದರು. ತಿಳಿದದ್ದು ಸಾಲದೆ ಹೋಯಿತು.

ಕಾಲೇಜಿಗೆ ಬಂದ ಮೇಲೆ ಪುಸ್ತಕಾಲಯದಲ್ಲಿ ಹಾವಿನ ವಿಷಯ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಹಾಗೆ ಪರಿಚಯವಾದ ಹೆಸರು ರಾಮ್ಯುಲಸ್ ವಿಟೇಕರ್. ಅವರು ಹುಟ್ಟಿದ್ದು ೧೯೪೩ರಲ್ಲಿ, ಅಮೆರಿಕದ ನ್ಯೂಯಾರ್ಕಿನಲ್ಲಿ. ಚಿಕ್ಕ ಮಗುವಾಗಿದ್ದಾಗಲೇ ಒಂದು ಸಾಧು ಹಾವನ್ನು ಹಿಡಿದು ಮನೆಗೆ ತಂದರಂತೆ. ತಾಯಿ ಹೌಹಾರಲಿಲ್ಲ, ಗದರಲಿಲ್ಲ. ಮಗನ ಕುತೂಹಲಕ್ಕೆ ನೀರೆರೆದರು. ಅನಂತರ ಆ ತಾಯಿ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರ ಮಗನನ್ನು ವಿವಾಹವಾಗಿ ಭಾರತಕ್ಕೆ ಬಂದರು. ಹುಡುಗ ಕೊಡೈಕನಾಲಿನ ಶಾಲೆಗೆ ಸೇರಿ, ವಸತಿಗೃಹದ ಮಂಚದ ಕೆಳಗೆ ಹೆಬ್ಬಾವೊಂದನ್ನು ಸಾಕಿಕೊಂಡಿದ್ದನು! ಮುಂದೆ ಅಮೆರಿಕದ ಮಯಾಮಿಯಲ್ಲಿ ಬಿಲ್ ಹಾಸ್ಟ್ ಎಂಬವರು ನಡೆಸುತ್ತಿದ್ದ ಸರ್ಪಾಲಯದಲ್ಲಿ ದುಡಿದು, ಹಾವಿನ ವಿಷ ತೆಗೆಯುವ ಕೆಲಸವನ್ನು ಹತ್ತಿರದಿಂದ ಕಂಡು, ೧೯೬೭ರಲ್ಲಿ ಭಾರತಕ್ಕೆ ಮರಳಿದರು.

ಸಾಕುವ ಹುಚ್ಚು ಅಲ್ಲಿಗೇ ನಿಂತಿದ್ದರೆ ಅದು ಬರಿಯ ಹವ್ಯಾಸವಾಗುತ್ತಿತ್ತು. ಆದರೆ ಇಪ್ಪತ್ತೈದು ದಾಟಿದ್ದ ಆ ತರುಣನು ಮದರಾಸಿನ ಹೊರವಲಯದಲ್ಲಿ ಹಾವುಗಳ ಉದ್ಯಾನವೊಂದನ್ನು ತೆರೆದನು. ೧೯೭೨ರಲ್ಲಿ ಅದು ಗಿಂಡಿಗೆ ಬಂದಿತು. ಹಾವಾಡಿಗನ ಬುಟ್ಟಿಯಲ್ಲಿ ಮಾತ್ರ ಹಾವನ್ನು ಕಂಡಿದ್ದ ಜನ ಅಲ್ಲಿ ಅದನ್ನು ನೆಮ್ಮದಿಯಾಗಿ ನಿಂತು ನೋಡುವಂತಾಯಿತು. ಹಾವು ಹಾಲು ಕುಡಿಯುವ ಪ್ರಾಣಿಯಲ್ಲ. ಅದಕ್ಕೆ ಹೊರಗಿವಿಯಿಲ್ಲವಾಗಿ ಪುಂಗಿ ಆಡುವ ಕಡೆಗೇ ಅದು ತಲೆಯಾಡಿಸುತ್ತದೆ. ಹನ್ನೆರಡು ವರ್ಷ ಹಗೆ ಸಾಧಿಸುವ ನೆನಪು ಅದಕ್ಕಿಲ್ಲ. ಇಂಥ ಸಣ್ಣ ಸಣ್ಣ ಸಂಗತಿಗಳೇ ಭಯದ ಬೇರನ್ನು ಸಡಿಲಿಸುತ್ತವೆ.

ಇನ್ನೊಂದು ಕೆಲಸ ಇದಕ್ಕಿಂತಲೂ ದೊಡ್ಡದೆಂದು ನನ್ನ ಭಾವನೆ. ತಮಿಳುನಾಡಿನ ಇರುಳರು ಹೆಜ್ಜೆಯ ಗುರುತಿಲ್ಲದ ಹಾವನ್ನೂ ಜಾಡು ಹಿಡಿದು ಹುಡುಕಬಲ್ಲವರು. ಹಾವಿನ ಚರ್ಮದ ವ್ಯಾಪಾರಕ್ಕಾಗಿ ಹಾವು ಹಿಡಿದು ಅವರು ಹೊಟ್ಟೆ ಹೊರೆಯುತ್ತಿದ್ದರು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದು, ಚರ್ಮದ ವ್ಯಾಪಾರ ನಿಂತಿತು. ಹಾವು ಉಳಿಯಿತು, ಇರುಳರ ಅನ್ನ ಹೋಯಿತು. ಆಗ ವಿಟೇಕರರ ನೆರವಿನಿಂದ ೧೯೭೮ರಲ್ಲಿ ಇರುಳರ ಸಹಕಾರ ಸಂಘ ಹುಟ್ಟಿತು. ಇದರ ಸದಸ್ಯರು ಹಾವನ್ನು ಹಿಡಿದು ತಂದು, ಕೆಲವು ವಾರ ಇಟ್ಟುಕೊಂಡು ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ಆ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಕುದುರೆಗೆ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿರೋಧ ವಸ್ತುವಿನಿಂದ ಪ್ರತಿವಿಷವನ್ನು ತಯಾರಿಸುತ್ತಾರೆ. ನಮ್ಮ ಆಸ್ಪತ್ರೆಯ ಸೀಸೆಯಲ್ಲಿರುವುದು ಅಕ್ಷರ ಕಲಿಯದ ಎಷ್ಟೋ ಕೈಗಳ ವಿದ್ಯೆಯೆಂಬುದನ್ನು ಪದವಿ ಪಡೆಯಲಿರುವ ನಾವು ಮರೆಯಬಾರದು.

ಇನ್ನು ಪಾಠದ ತಿರುಳಿಗೆ ಬರೋಣ. ನಮ್ಮ ದೇಶದಲ್ಲಿ ಮುನ್ನೂರಕ್ಕೂ ಮೇಲ್ಪಟ್ಟು ಜಾತಿಯ ಹಾವುಗಳಿವೆ. ಬಹುಪಾಲು ಸಾವುಗಳಿಗೆ ಕಾರಣವಾಗುವವು ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಇವುಗಳಲ್ಲಿ ಕಟ್ಟುಹಾವು ರಾತ್ರಿಯ ಸಂಚಾರಿ. ನೆಲದಲ್ಲಿ ಮಲಗಿದವರನ್ನು ಅದು ಕಚ್ಚಿದರೆ ನೋವು ಕಾಣದು, ಊತ ಬಾರದು, ಗುರುತೂ ಸರಿಯಾಗಿ ಉಳಿಯದು. ಮೊದಲು ಹೊಟ್ಟೆನೋವು, ಆಮೇಲೆ ರೆಪ್ಪೆ ಇಳಿಯುವುದು, ಕಡೆಗೆ ಉಸಿರಾಟದ ಸ್ನಾಯುಗಳು ಸೋಲುವುದು. ಇದನ್ನು ಓದಿದ ದಿನ ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಪ್ರತಿಯೊಂದು ಮಾತೂ ನಮ್ಮ ಚಿಕ್ಕಪ್ಪನದಾಗಿತ್ತು.

ಕಚ್ಚಿದ ಜಾಗವನ್ನು ಕೊಯ್ಯಬಾರದು, ಹೀರಬಾರದು, ಹಗ್ಗದಿಂದ ಬಿಗಿಯಬಾರದು. ಕಚ್ಚಿಸಿಕೊಂಡವರನ್ನು ನಡೆಸದೆ, ಆ ಅಂಗ ಅಲುಗದಂತೆ ಮಾಡಿ, ಧೈರ್ಯ ಹೇಳಿ, ಪ್ರತಿವಿಷವಿರುವ ಆಸ್ಪತ್ರೆಗೆ ನೇರವಾಗಿ ಒಯ್ಯಬೇಕು. ಹಾವನ್ನು ಹುಡುಕಿ ಕೊಲ್ಲುವುದರಲ್ಲಿ ಕಳೆದ ಹೊತ್ತು ಮರಳಿ ಬಾರದು. ರಾತ್ರಿ ಓಡಾಡುವಾಗ ದೀಪ, ಮಲಗುವಾಗ ಮಂಚ, ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿದ ಸೊಳ್ಳೆಪರದೆ, ಇಷ್ಟೇ ರಕ್ಷೆ. ಕಾಳಿಗೆ ಇಲಿ ಬರುತ್ತದೆ, ಇಲಿಗೆ ಹಾವು ಬರುತ್ತದೆ. ನಾವು ಕೊಲ್ಲುವ ಬಡ ಕೇರೆಹಾವು ಕಣಜದ ಕಾವಲುಗಾರ.

೨೦೦೦ದಿಂದ ೨೦೧೯ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು ೧೨ ಲಕ್ಷವೆಂದು ಅಂದಾಜು ಮಾಡಿದ್ದಾರೆ. ೨೦೨೪ರಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಪ್ರಕರಣವೆಂದು ಸಾರಿತು. ವಿಟೇಕರರು ೨೦೦೫ರಲ್ಲಿ ಆಗುಂಬೆಯಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. ಅಲ್ಲಿ ಕಾಳಿಂಗ ಸರ್ಪದ ಅಧ್ಯಯನ ನಡೆಯಿತು. ಪಶ್ಚಿಮ ಘಟ್ಟದ ಕಾಳಿಂಗವು ಬೇರೆಯೇ ಜಾತಿಯೆಂದು ೨೦೨೪ರಲ್ಲಿ ವಿಜ್ಞಾನಿಗಳು ಗುರುತಿಸಿ, ಅದರ ವೈಜ್ಞಾನಿಕ ಹೆಸರಿನಲ್ಲಿ ‘ಕಾಳಿಂಗ’ ಎಂಬ ನಮ್ಮ ಮಾತನ್ನೇ ಉಳಿಸಿಕೊಂಡರು. ೨೦೧೮ರಲ್ಲಿ ವಿಟೇಕರರಿಗೆ ಪದ್ಮಶ್ರೀ ಸಂದಿತು.

ನಾವು ಹಾವು ಸಾಕುವಂತಿಲ್ಲ, ಕಾನೂನು ಒಪ್ಪದು. ಅನುಭವವಿಲ್ಲದವರು ಹಿಡಿಯಲೂ ಕೂಡದು. ಆದರೆ ಹೇಳುವುದಕ್ಕೆ ಯಾರ ಅಪ್ಪಣೆ ಬೇಕು? ಕಳೆದ ರಜೆಯಲ್ಲಿ ಊರ ಕಟ್ಟೆಯ ಮೇಲೆ ಇದನ್ನೆಲ್ಲ ಹೇಳಿದೆ. “ಬಿ.ಎ. ಓದಿದ್ದು ಹಾವಿನ ಕಥೆ ಹೇಳೋದಕ್ಕೇನಪ್ಪಾ?” ಎಂದು ಹಿರಿಯರೊಬ್ಬರು ನಕ್ಕರು. ನಾನೂ ನಕ್ಕೆ. ಮನೆಗೆ ಬಂದಾಗ ಅಜ್ಜಿ ಮಾತ್ರ, “ಹೊಟ್ಟೆನೋವಿನ ವಿಷಯ ಇನ್ನೊಂದು ಸಲ ಹೇಳು” ಎಂದರು. ಹೇಳಿದೆ. ಅವರು ಕೇಳಿ, “ಆವತ್ತು ಇದನ್ನು ಯಾರೂ ಹೇಳಲಿಲ್ಲವಲ್ಲೋ” ಎಂದು ಒಳಗೆ ಹೋದರು.

ಸಹಪಾಠಿಗಳೇ, ಈ ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ಮನೆಯ ಜಗಲಿಯಲ್ಲಿ ಕುಳಿತು ಇಷ್ಟನ್ನು ಹೇಳಿರಿ. ಮಳೆಗಾಲ ಬರುವುದರೊಳಗೆ ಹೇಳಿದರೆ ಒಳ್ಳೆಯದು.