ಕಚೇರಿಯ ದೂರವಾಣಿಯಲ್ಲಿ ದೃಶ್ಯಸಂವಾದ

ದೂರದಲ್ಲಿರುವವರು ಪರಸ್ಪರ ಮುಖ ನೋಡಿಕೊಂಡು ಮಾತನಾಡುವ ಏರ್ಪಾಡಿಗೆ ದೃಶ್ಯಸಂವಾದವೆಂದು ಹೆಸರು. ವಿಡಿಯೋ ಕಾನ್ಫರೆನ್ಸ್ ಎಂಬುದು ಬಳಕೆಯ ಮಾತು. ಕಚೇರಿಯ ದೂರವಾಣಿ ವ್ಯವಸ್ಥೆಯನ್ನೇ ಇದಕ್ಕೆ ಅಳವಡಿಸಿಕೊಳ್ಳುವ ಬಗೆಯನ್ನೂ, ಹಾಗೆ ಅಳವಡಿಸುವಾಗ ಯಾವುದಕ್ಕೆ ಮೊದಲ ಸ್ಥಾನ ಸಲ್ಲಬೇಕೆಂಬುದನ್ನೂ ಇಲ್ಲಿ ವಿವೇಚಿಸಲಾಗಿದೆ.

ಕನ್ನಡನಾಡಿಗೆ ದೂರವಾಣಿಯ ತಂತ್ರವಿದ್ಯೆ ಹೊಸದಲ್ಲ. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಬೆಂಗಳೂರಿನಲ್ಲಿ ಸ್ಥಾಪಿತವಾದುದು 1948ರಲ್ಲಿ. ಸಿ-ಡಾಟ್ ಸಂಸ್ಥೆ ರೂಪಿಸಿದ ಗ್ರಾಮೀಣ ವಿನಿಮಯ ಕೇಂದ್ರವು ಕಿತ್ತೂರಿನಲ್ಲಿ ಕೆಲಸ ಆರಂಭಿಸಿದುದು 1986ರಲ್ಲಿ. ಇಂಥ ಡಿಜಿಟಲ್ ಕೇಂದ್ರಗಳಲ್ಲಿ ಮಾತು ಅಂಕಿಗಳಾಗಿ ಮಾರ್ಪಡುತ್ತದೆ: ಧ್ವನಿಯನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ 8 ಬಿಟ್‌ಗಳಲ್ಲಿ ಬರೆದರೆ ಸೆಕೆಂಡಿಗೆ 64,000 ಬಿಟ್‌ಗಳಾಗುತ್ತವೆ. ಚಿತ್ರವನ್ನು ಸಾಗಿಸುವ ತತ್ತ್ವವೂ ಇದೇ, ಭೇದವಿರುವುದು ಪ್ರಮಾಣದಲ್ಲಿ.

ಅಡ್ಡಲಾಗಿ 640, ಉದ್ದಕ್ಕೆ 480 ಬಿಂದುಗಳುಳ್ಳ ಚಿತ್ರವನ್ನು ತೆಗೆದುಕೊಳ್ಳೋಣ. ಪ್ರತಿ ಬಿಂದುವಿಗೆ 24 ಬಿಟ್‌ಗಳಂತೆ, ಸೆಕೆಂಡಿಗೆ 25 ಚಿತ್ರಗಳನ್ನು ಕಳುಹಿಸಬೇಕಾದರೆ ಸುಮಾರು 18 ಕೋಟಿ 43 ಲಕ್ಷ ಬಿಟ್‌ಗಳು ಬೇಕು. ಇದು ಮಾತಿನ 2,880 ಪಟ್ಟು. ಆದುದರಿಂದ ಚಿತ್ರವನ್ನು ಸಂಕೋಚಿಸುವುದು ಅನಿವಾರ್ಯ. ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಕಳುಹಿಸುವುದು ಇದರ ಮುಖ್ಯ ಉಪಾಯ. ಗೋಡೆ ಹಾಗೆಯೇ ಇರುತ್ತದೆ, ತುಟಿ ಚಲಿಸುತ್ತದೆ.

ಇನ್ನು ಜೋಡಣೆಯ ವಿಷಯ. ಇಂದಿನ ಕಚೇರಿ ವಿನಿಮಯ ಯಂತ್ರಗಳು ಬಹುಮಟ್ಟಿಗೆ ‘ಸಿಪ್’ ಎಂಬ ನಿಯಮಾವಳಿಯನ್ನು ಅನುಸರಿಸುತ್ತವೆ. ಅದು ಮೊದಲು ಪ್ರಕಟವಾದುದು 1999ರಲ್ಲಿ. ಯಂತ್ರದ ಕೆಲಸ ಮೂರು ಬಗೆಯದು: ಪ್ರತಿಯೊಂದು ಉಪಕರಣವನ್ನೂ ಒಂದು ಸಂಖ್ಯೆಯಡಿ ನೋಂದಾಯಿಸುವುದು, ಕರೆದವರ ಆಹ್ವಾನವನ್ನು ಮುಟ್ಟಿಸುವುದು, ಉಭಯರಿಗೂ ತಿಳಿದ ಸಂಕೋಚನ ವಿಧಾನವನ್ನು ಒಪ್ಪಂದದಿಂದ ನಿರ್ಧರಿಸುವುದು. ಈ ಒಪ್ಪಂದದಲ್ಲಿ ಧ್ವನಿಯೊಡನೆ ಚಿತ್ರವನ್ನೂ ಸೇರಿಸಿದರೆ ಅದೇ ಸಂಖ್ಯೆಯಲ್ಲಿ ದೃಶ್ಯಸಂವಾದ ನಡೆಯುತ್ತದೆ. ಹಲವರು ಸೇರುವ ಸಭೆಗೆ ಒಂದು ಪ್ರತ್ಯೇಕ ಸಂಖ್ಯೆಯನ್ನಿಟ್ಟು, ಎಲ್ಲರ ಧ್ವನಿ ಚಿತ್ರಗಳನ್ನು ಕೂಡಿಸುವ ಸೇತುಯಂತ್ರವನ್ನು ಅದಕ್ಕೆ ಜೋಡಿಸಬೇಕು.

ಇಲ್ಲೊಂದು ತೊಡಕುಂಟು. ಆಹ್ವಾನ ಹೋಗುವ ದಾರಿ ಬೇರೆ, ಧ್ವನಿ ಚಿತ್ರಗಳು ಹೋಗುವ ದಾರಿ ಬೇರೆ. ಕಚೇರಿಯ ಜಾಲವನ್ನು ಕಾಯುವ ವ್ಯವಸ್ಥೆಯು ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ತಡೆದರೆ ಕರೆ ಕೂಡುತ್ತದೆ, ಆದರೆ ಒಂದು ಕಡೆಯವರ ಮಾತು ಮತ್ತೊಂದು ಕಡೆಗೆ ಕೇಳದು. ಆದುದರಿಂದ ಎರಡು ದಾರಿಗಳನ್ನೂ ಎರಡು ದಿಕ್ಕಿನಿಂದಲೂ ಪರೀಕ್ಷಿಸಿಯೇ ವ್ಯವಸ್ಥೆಯನ್ನು ಬಳಕೆಗೆ ಬಿಡಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಆದ್ಯತೆಯ ಪ್ರಶ್ನೆ. ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯ ಒಂದು ಕಚೇರಿಯಿಂದ ಚಿತ್ರದುರ್ಗದ ಜಿಲ್ಲಾ ಸಭೆಗೆ ಒಬ್ಬರು ಸೇರುತ್ತಾರೆಂದು ಭಾವಿಸೋಣ. ಮಾರ್ಗ ಕಿರಿದಾದಾಗ ಚಿತ್ರ ಮಸುಕಾದರೂ ಸಭೆ ಸಾಗುತ್ತದೆ. ಮಾತು ಕಡಿದರೆ ಸಭೆಯೇ ನಿಲ್ಲುತ್ತದೆ. ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್‌ಗಳೊಳಗಿದ್ದರೆ ಸಂಭಾಷಣೆಗೆ ಸಾಮಾನ್ಯವಾಗಿ ಅಡ್ಡಿಯಾಗದು. ಅದು ಬಹಳ ಹೆಚ್ಚಿದರೆ ಒಬ್ಬರ ಮಾತಿನ ಮೇಲೊಬ್ಬರು ಮಾತನಾಡತೊಡಗುತ್ತಾರೆ. ಆದಕಾರಣ ಜಾಲದಲ್ಲಿ ಧ್ವನಿಗೆ ಮೊದಲ ದಾರಿಯನ್ನೂ ಚಿತ್ರಕ್ಕೆ ಉಳಿದ ದಾರಿಯನ್ನೂ ಕೊಡಬೇಕು. ಕ್ಯಾಮೆರಾ ಇಲ್ಲದವರು ಸಾಮಾನ್ಯ ದೂರವಾಣಿಯಿಂದಲೇ ಸಭೆಯ ಸಂಖ್ಯೆಗೆ ಕರೆಮಾಡಿ ಸೇರುವಂತಿರಬೇಕು.

ಇದಕ್ಕೆ ಅಪವಾದವೂ ಇದೆ. ದೃಶ್ಯಸಂವಾದದ ಮೂಲಕ ಸಾಕ್ಷ್ಯ ಪಡೆಯಬಹುದೆಂದು ಸರ್ವೋಚ್ಚ ನ್ಯಾಯಾಲಯವು 2003ರಲ್ಲಿ ತೀರ್ಪಿತ್ತಿತು. ಅಂಥಲ್ಲಿ ಸಾಕ್ಷಿಯ ಮುಖವೂ ಕಾಣಬೇಕಾದುದರಿಂದ ಮಾರ್ಗದ ಸಾಮರ್ಥ್ಯವನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ಉಳಿದೆಡೆ ಚಿತ್ರವು ಮಾತಿಗೆ ಸಹಾಯಕ ಮಾತ್ರ. ಹಳ್ಳಿಯ ಕಚೇರಿಯಲ್ಲಿ ಕುಳಿತವರ ಮಾತು ಪೂರ್ತಿಯಾಗಿ ಕೇಳಿಸಿತೇ ಎಂಬುದೇ ಇಂಥ ಏರ್ಪಾಡಿನ ನಿಜವಾದ ಪರೀಕ್ಷೆ.